ವೀಸಾ ಬಂತು ಅಂದರೆ ಸಾಲದು, ಯಾವ ವೀಸಾ ಅಂತ ಕೇಳಿ

"ತಮ್ಮಾ, ವೀಸಾ ಬಂದೈತಂತ. ಏನ್ ಬರದಾರ ನೋಡಿ ಹೇಳ್ರಿ."

2024ರ ಮೇ ತಿಂಗಳು. ನಮ್ಮಲ್ಲಿ ಒಬ್ಬನ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಚಾಚಾ ತಮ್ಮ ಫೋನನ್ನು ನಮ್ಮ ಕೈಗೆ ಕೊಟ್ಟರು. ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಬಂದಿತ್ತು. ಅರ್ಧ ಅರಬ್ಬಿ, ಅರ್ಧ ಇಂಗ್ಲಿಷ್. ನಾವು ಫೋಟೋ ನೋಡಿದೆವು, ಅವರದೇ. ಪಾಸ್‌ಪೋರ್ಟ್ ನಂಬರ್ ತಾಳೆ ಹಾಕಿದೆವು, ಸರಿ ಇತ್ತು. ಹೆಸರೂ ಸರಿ ಇತ್ತು. "ಎಲ್ಲಾ ಬರೋಬ್ಬರಿ ಐತ್ರಿ ಚಾಚಾ, ಆರಾಮ ಹೋಗಿ ಬರ್ರಿ" ಅಂದೆವು. ಅವರು ನಮಗೆ ಚಹಾ ಕುಡಿಸಿದರು.

ಆ ಕಾಗದದಲ್ಲಿ ಒಂದೇ ಒಂದು ಸಾಲನ್ನು ನಾವು ಓದಲಿಲ್ಲ. ವೀಸಾ ಟೈಪ್ ಅನ್ನುವ ಸಾಲು. ಅಲ್ಲಿ ಹಜ್ ಅಂತ ಇರಲಿಲ್ಲ, ವಿಸಿಟ್ ಅಂತ ಇತ್ತು.

ಚಾಚಾ ಮತ್ತು ಚಾಚಿ ಹೊರಡುವ ಮುಂಚೆ ಓಣಿಯ ಮನೆಮನೆಗೆ ಹೋಗಿ, ಮಾತಿನಲ್ಲಿ ನಡತೆಯಲ್ಲಿ ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ ಅಂತ ಕೇಳಿಕೊಂಡರು. ಅಂಗಡಿಯ ಸಾಲ ತೀರಿಸಿದರು. ಹಜ್‌ಗೆ ಹೋಗುವವರು ಹಾಗೆ ಮಾಡಬೇಕು ಅನ್ನುವುದು ರೂಢಿ. ಅವರನ್ನು ಕಳಿಸಲು ಬಂದವರಲ್ಲಿ ಅರ್ಧಕ್ಕರ್ಧ ಜನ ಹಿಂದೂಗಳು. ಗೌಡರ ಮನೆಯಿಂದಲೂ ಹಾರ ಬಂತು. ಇಡೀ ಊರೇ ನಿಂತು ಬೀಳ್ಕೊಟ್ಟಿತು.

ಅವರು ಜಿದ್ದಾ ತನಕ ಹೋದರು. ಅಲ್ಲಿಂದ ಮೆಕ್ಕಾ ಸುಮಾರು 80 ಕಿಲೋಮೀಟರ್. ಆ 80 ಕಿಲೋಮೀಟರ್ ಅವರಿಗೆ ದಾಟಲು ಆಗಲಿಲ್ಲ. ಆ ವರ್ಷ ಮೇ 23ರಿಂದ ಜೂನ್ 21ರವರೆಗೆ ವಿಸಿಟ್ ವೀಸಾದವರು ಮೆಕ್ಕಾ ಒಳಗೆ ಬರಬಾರದು ಅಂತ ಸೌದಿ ಸರ್ಕಾರ ಆದೇಶ ಹೊರಡಿಸಿತ್ತು. ಒಂದು ಬಾಡಿಗೆ ಮನೆಯ ಕೋಣೆಯಲ್ಲಿ ಹನ್ನೊಂದು ಜನರ ಜೊತೆ ದಿನ ಕಳೆದರು. ಜೂನ್ 20ಕ್ಕೆ ವಾಪಸ್ ಟಿಕೆಟ್ ಇತ್ತು, ಬಂದುಬಿಟ್ಟರು. ಹಜ್ ಇಲ್ಲ, ಉಮ್ರಾ ಇಲ್ಲ. ಅರ್ಧ ಎಕರೆ ಹೊಲ ಮಾರಿದ ದುಡ್ಡು ಹೋಯಿತು.

ಊರಿನವರು "ಹಾಜಿ ಸಾಬ್ರು ಬಂದ್ರು" ಅಂತ ಮಾತಾಡಿಸಿದಾಗ ಚಾಚಾ, "ಹಂಗ ಅನಬ್ಯಾಡ್ರಿ" ಅಂದು ತಲೆ ತಗ್ಗಿಸಿದರಂತೆ.

ಈ ಬರಹ ಬರೆಯಲು ಅದೇ ಕಾರಣ. ಏಜೆಂಟ್ ಮೋಸ ಮಾಡಿದ, ಸರಿ. ಆದರೆ ಪತ್ರಿಕೋದ್ಯಮದ ಪದವಿ ಇಟ್ಟುಕೊಂಡ ನಾವೂ ಆ ಕಾಗದವನ್ನು ಓದಲಿಲ್ಲ. ನಮ್ಮ ಊರುಗಳಲ್ಲಿ "ವೀಸಾ ಬಂತಾ?" ಅಂತ ಎಲ್ಲರೂ ಕೇಳುತ್ತಾರೆ. "ಯಾವ ವೀಸಾ?" ಅಂತ ಯಾರೂ ಕೇಳುವುದಿಲ್ಲ. ಈ ಎರಡನೇ ಪ್ರಶ್ನೆಯನ್ನು ದುಡ್ಡು ಕೊಡುವ ಮುಂಚೆಯೇ ಕೇಳುವುದು ರೂಢಿಯಾಗಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಹಜ್ ಬೇರೆ, ಉಮ್ರಾ ಬೇರೆ

ಮುಸ್ಲಿಂ ಓದುಗರಿಗೆ ಇದು ಗೊತ್ತಿರುವ ವಿಷಯ. ಉಳಿದವರಿಗಾಗಿ ನಾಲ್ಕು ಮಾತು.

ಹಜ್ ವರ್ಷಕ್ಕೆ ಒಂದೇ ಸಲ ಬರುತ್ತದೆ. ಇಸ್ಲಾಮಿ ಪಂಚಾಂಗದ ಕೊನೆಯ ತಿಂಗಳಲ್ಲಿ, ಬಕ್ರೀದಿನ ಆಸುಪಾಸಿನ ಐದಾರು ದಿನ. ಮೀನಾ, ಅರಫಾತ್, ಮುಜ್ದಲಿಫಾ ಅನ್ನುವ ಜಾಗಗಳಲ್ಲಿ ನಿಗದಿಯಾದ ದಿನವೇ ಇರಬೇಕು. ಲಕ್ಷಾಂತರ ಜನ ಒಂದೇ ಹೊತ್ತಿಗೆ ಸೇರುತ್ತಾರೆ.

ಉಮ್ರಾ ವರ್ಷದ ಬೇರೆ ದಿನಗಳಲ್ಲಿ ಮಾಡುವ ಚಿಕ್ಕ ಯಾತ್ರೆ. ಕಾಬಾಕ್ಕೆ ಏಳು ಸುತ್ತು, ಸಫಾ ಮರ್ವಾ ಬೆಟ್ಟಗಳ ನಡುವೆ ಏಳು ಸಲ ನಡಿಗೆ, ಕೂದಲು ತೆಗೆಸುವುದು. ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಅನುಕೂಲ ಇರುವವರಿಗೆ ಜೀವನದಲ್ಲಿ ಒಮ್ಮೆ ಕಡ್ಡಾಯವಾದದ್ದು ಹಜ್. ಉಮ್ರಾ ಮಾಡಿದರೆ ಹಜ್ ಮಾಡಿದಂತೆ ಆಗುವುದಿಲ್ಲ.

ವೀಸಾಗಳೂ ಹಾಗೆಯೇ ಬೇರೆ ಬೇರೆ. ಹಜ್ ವೀಸಾದಲ್ಲಿ ಹಜ್ ಮಾಡಬಹುದು. ಉಮ್ರಾ ವೀಸಾದಲ್ಲಿ ಉಮ್ರಾ ಮಾಡಿ, ಸೌದಿ ಹೇಳಿದ ದಿನಾಂಕದ ಒಳಗೆ ದೇಶ ಬಿಡಬೇಕು. ಟೂರಿಸ್ಟ್, ಫ್ಯಾಮಿಲಿ ವಿಸಿಟ್ ಮೊದಲಾದ ಭೇಟಿ ವೀಸಾಗಳಲ್ಲಿ ಹಜ್‌ಗೆ ಅವಕಾಶವೇ ಇಲ್ಲ. "ಭೇಟಿ ವೀಸಾದಲ್ಲಿ ಉಮ್ರಾ ಮಾಡಿ ಬಂದವರಿದ್ದಾರೆ, ಹಜ್ ಯಾಕೆ ಆಗಲ್ಲ?" ಅಂತ ಏಜೆಂಟರು ವಾದ ಮಾಡುತ್ತಾರೆ. ಮೊದಲ ಅರ್ಧ ನಿಜ, ಟೂರಿಸ್ಟ್ ವೀಸಾದಲ್ಲಿ ಹೋದವರು ಉಮ್ರಾ ಮಾಡಬಹುದು. ಆ ನಿಜವನ್ನು ತೋರಿಸಿಯೇ ಎರಡನೇ ಅರ್ಧದ ಸುಳ್ಳನ್ನು ಮಾರುತ್ತಾರೆ.

ಹಜ್ ವೀಸಾ ಅಂಗಡಿಯಲ್ಲಿ ಸಿಗುವ ಮಾಲಲ್ಲ

ಪ್ರತಿ ದೇಶಕ್ಕೂ ಇಷ್ಟೇ ಜನ ಅಂತ ಸೌದಿ ಕೋಟಾ ಕೊಡುತ್ತದೆ. 2025ರಲ್ಲಿ ಭಾರತದ ಕೋಟಾ 1,75,025. ಅದರಲ್ಲಿ ಶೇಕಡಾ 70 ಭಾಗ ಭಾರತೀಯ ಹಜ್ ಸಮಿತಿಯ ಮೂಲಕ, ಶೇಕಡಾ 30 ಭಾಗ ಸರ್ಕಾರದ ನೋಂದಣಿ ಪಡೆದ ಖಾಸಗಿ ಸಂಸ್ಥೆಗಳ ಮೂಲಕ. ನಮ್ಮ ಊರಿನಿಂದ ಹಜ್‌ಗೆ ಹೋಗಲು ಇರುವುದು ಈ ಎರಡೇ ದಾರಿ. ಮೂರನೇ ದಾರಿ ಇದೆ, "ಡೈರೆಕ್ಟ್ ಮಾಡಿಸ್ತೀನಿ" ಅಂತ ಯಾರಾದರೂ ಅಂದರೆ ಅಲ್ಲೇ ಎದ್ದು ಬನ್ನಿ.

ಹಜ್ ಸಮಿತಿ ಸಂಸತ್ತಿನ 2002ರ ಕಾಯ್ದೆಯ ಅಡಿಯಲ್ಲಿ ನಡೆಯುವ ಸಂಸ್ಥೆ, ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ಕೆಳಗೆ ಬರುತ್ತದೆ. ರಾಜ್ಯ ಹಜ್ ಸಮಿತಿ ಬೆಂಗಳೂರಿನಲ್ಲಿದೆ. ಅರ್ಜಿಯನ್ನು ಹಜ್ ಸಮಿತಿಯ ವೆಬ್‌ಸೈಟಿನಲ್ಲಿ ಅಥವಾ 2024ರಲ್ಲಿ ಬಂದ ಹಜ್ ಸುವಿಧಾ ಆಪ್‌ನಲ್ಲಿ ಹಾಕಬಹುದು. ಜಾಗಕ್ಕಿಂತ ಅರ್ಜಿ ಜಾಸ್ತಿಯಾದರೆ ಚೀಟಿ ಎತ್ತುತ್ತಾರೆ, ಅದಕ್ಕೆ ಕುರ್ರಾ ಅನ್ನುತ್ತಾರೆ. ಹೆಸರು ಬಂದವರು ಕಂತಿನಲ್ಲಿ ಹಣ ಕಟ್ಟುತ್ತಾರೆ. ಅಲ್ಲಿನ ವಸತಿ, ವಿಮಾನ, ವೀಸಾ ಎಲ್ಲವನ್ನೂ ಸಮಿತಿಯೇ ನೋಡಿಕೊಳ್ಳುತ್ತದೆ. ವೀಸಾಕ್ಕಾಗಿ ಯಾರ ಕೈಗೂ ಬೇರೆ ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ.

ಇದರಲ್ಲಿ ಒಂದು ಗುಟ್ಟು ಇದೆ, ನೆನಪಿಡಿ. 2025ರ ಹಜ್‌ಗೆ ಅರ್ಜಿ ಕರೆದದ್ದು 2024ರ ಆಗಸ್ಟಿನಲ್ಲಿ. 2026ರ ಹಜ್‌ಗೆ ಕರೆದದ್ದು 2025ರ ಜುಲೈಯಲ್ಲಿ. ಅಂದರೆ ಸುಮಾರು ಹತ್ತು ತಿಂಗಳು ಮೊದಲೇ ಕೆಲಸ ಶುರುವಾಗುತ್ತದೆ. ರಂಜಾನ್ ಮುಗಿದ ಮೇಲೆ ಬಂದು, "ಈ ಸಲದ ಹಜ್‌ಗೆ ಎರಡು ಸೀಟು ಉಳಿದಾವ, ನಾಳೆನೇ ದುಡ್ಡು ಬೇಕು" ಅನ್ನುವವನ ಮಾತನ್ನು ಈ ಲೆಕ್ಕದಲ್ಲಿ ತೂಗಿ ನೋಡಿ.

ನಮ್ಮ ಚಾಚಾ ಆ ಮಾತಿಗೇ ಬಿದ್ದದ್ದು. ಅವರು ಹಜ್ ಸಮಿತಿಗೆ ಅರ್ಜಿ ಹಾಕಿದ್ದರು, ಕುರ್ರಾದಲ್ಲಿ ಹೆಸರು ಬಂದಿರಲಿಲ್ಲ. ವಯಸ್ಸು 66. "ಮುಂದಿನ ವರ್ಷ ಯಾರ್ ಕಂಡಾರ" ಅನ್ನುವ ಅವಸರ. ಆ ಅವಸರವನ್ನು ನಾವು ತಪ್ಪು ಅನ್ನುವುದಿಲ್ಲ. ಅದನ್ನು ಲಾಭ ಮಾಡಿಕೊಂಡವನದು ತಪ್ಪು.

2024ರಲ್ಲಿ ಆದದ್ದು

ಚಾಚಾ ಜಿದ್ದಾದ ಕೋಣೆಯಲ್ಲಿ ಕೂತಿದ್ದಾಗ ಅಲ್ಲಿದ್ದ ಕೆಲವರು ಮರುಭೂಮಿಯ ದಾರಿಯಲ್ಲಿ ನಡೆದು ಮೆಕ್ಕಾ ಸೇರುವ ಮಾತಾಡಿದರಂತೆ. ಚಾಚಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಅವರು ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು ಅಂತ ಆಮೇಲೆ ತಿಳಿಯಿತು.

ಆ ವರ್ಷ ಜೂನ್ 17ರಂದು ಮೆಕ್ಕಾದ ದೊಡ್ಡ ಮಸೀದಿಯ ಬಳಿ ಬಿಸಿಲು 51.8 ಡಿಗ್ರಿ ಮುಟ್ಟಿತ್ತು. ನಮ್ಮ ರಾಯಚೂರು, ಕಲಬುರಗಿಯಲ್ಲಿ 44 ಡಿಗ್ರಿಗೇ ಮಧ್ಯಾಹ್ನ ಹೊರಗೆ ಕಾಲಿಡಲು ಹೆದರುತ್ತೇವೆ. ಆ ಹಜ್‌ನಲ್ಲಿ 1,301 ಜನ ತೀರಿಕೊಂಡರು ಅಂತ ಸೌದಿ ಸರ್ಕಾರವೇ ಹೇಳಿತು. ಅವರಲ್ಲಿ ಶೇಕಡಾ 83 ಜನ ಹಜ್ ಪರವಾನಗಿ ಇಲ್ಲದೆ ಬಂದವರು.

ಈ ಶೇಕಡಾ 83 ಯಾಕೆ ಅಂತ ಯೋಚಿಸಿ. ಬಿಸಿಲು ಎಲ್ಲರಿಗೂ ಒಂದೇ. ಆದರೆ ಪರವಾನಗಿ ಇದ್ದವರಿಗೆ ಮೀನಾದಲ್ಲಿ ತಂಪು ಡೇರೆ ಇರುತ್ತದೆ, ಓಡಾಡಲು ಬಸ್ಸು ಇರುತ್ತದೆ, ಆರೋಗ್ಯ ಕೆಟ್ಟರೆ ಯಾವ ಗುಂಪಿನವರು ಅಂತ ಗೊತ್ತಾಗುತ್ತದೆ. ಪರವಾನಗಿ ಇಲ್ಲದವರಿಗೆ ನೆರಳಿಲ್ಲ, ಬಸ್ಸಿಲ್ಲ. ಸುಸ್ತಾದರೂ ಸಿಕ್ಕಿಬೀಳುವ ಭಯದಲ್ಲಿ ಪೊಲೀಸರ ಹತ್ತಿರ, ಆಸ್ಪತ್ರೆ ಹತ್ತಿರ ಹೋಗಲು ಹಿಂಜರಿಯುತ್ತಾರೆ. ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ. ವೀಸಾದ ಮೇಲಿನ ಒಂದು ಪದ ಅಲ್ಲಿ ನೆರಳು, ನೀರು ಮತ್ತು ಜೀವದ ಪ್ರಶ್ನೆಯಾಗುತ್ತದೆ.

ಸತ್ತವರಲ್ಲಿ ಈಜಿಪ್ಟಿನವರು ಬಹಳ. ಅಲ್ಲಿನ ಸರ್ಕಾರ ಹಾಗೆ ಜನರನ್ನು ಕಳಿಸಿದ 16 ಪ್ರವಾಸ ಸಂಸ್ಥೆಗಳ ಲೈಸೆನ್ಸ್ ರದ್ದು ಮಾಡಿತು. ಹಳ್ಳಿಯವರ ಆಸೆಯನ್ನು ವ್ಯಾಪಾರ ಮಾಡುವುದು ನಮ್ಮಲ್ಲಿ ಮಾತ್ರ ಇಲ್ಲ ಅನ್ನುವುದಕ್ಕೆ ಈ ಮಾತು.

ಆ ಮೇಲೆ ನಿಯಮ ಇನ್ನೂ ಬಿಗಿಯಾಯಿತು. 2025ರಲ್ಲಿ ಪರವಾನಗಿ ಇಲ್ಲದೆ ಹಜ್‌ಗೆ ಹೊರಟವರಿಗೆ 20,000 ರಿಯಾಲ್ ದಂಡ. ನಮ್ಮ ದುಡ್ಡಿನಲ್ಲಿ ಸುಮಾರು ನಾಲ್ಕೂವರೆ ಲಕ್ಷ. ಇರಬೇಕಾದ ಅವಧಿ ಮೀರಿ ಉಳಿದು ಹಜ್‌ಗೆ ಹೊರಟವರನ್ನು ದೇಶದಿಂದ ಹೊರಹಾಕಿ, 10 ವರ್ಷ ಮತ್ತೆ ಬರದಂತೆ ತಡೆ. 66ರ ವಯಸ್ಸಿನವರಿಗೆ 10 ವರ್ಷ ಅಂದರೆ ಏನು ಅಂತ ನಾವು ಬಿಡಿಸಿ ಹೇಳಬೇಕಿಲ್ಲ.

ಉಮ್ರಾ ವೀಸಾದ ತಾರೀಖುಗಳು

ನಮ್ಮ ಊರುಗಳಿಂದ ಈಗ ಹಜ್‌ಗಿಂತ ಉಮ್ರಾಕ್ಕೆ ಹೋಗುವವರು ಹೆಚ್ಚು ಕಾಣುತ್ತಾರೆ. ಅಲ್ಲಿ ಏಜೆಂಟರ ಮೂಲಕ ಹೋಗುವುದೇ ವಾಡಿಕೆ, ಅದರಲ್ಲಿ ತಪ್ಪಿಲ್ಲ. ಪ್ರಾಮಾಣಿಕವಾಗಿ ಕರೆದುಕೊಂಡು ಹೋಗಿ, ಮುದುಕರ ಕೈ ಹಿಡಿದು ತವಾಫ್ ಮಾಡಿಸಿ, ಕ್ಷೇಮವಾಗಿ ಕರೆತರುವ ಏಜೆಂಟರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ನಮ್ಮ ಪ್ರಶ್ನೆಗಳಿಂದ ತೊಂದರೆ ಇಲ್ಲ. ಕೇಳಿದರೆ ಸಿಟ್ಟಾಗುವವರ ಬಗ್ಗೆಯೇ ಅನುಮಾನ ಪಡಬೇಕು.

ಉಮ್ರಾ ವೀಸಾದ ಕಾಗದದಲ್ಲಿ ನಮ್ಮವರು ತಪ್ಪು ಓದುವುದು ತಾರೀಖನ್ನು. ಅಲ್ಲಿ ಎರಡು ಬೇರೆ ಬೇರೆ ಲೆಕ್ಕ ಇರುತ್ತದೆ. 'ವ್ಯಾಲಿಡ್ ಅನ್‌ಟಿಲ್' ಅಂದರೆ ವೀಸಾ ಯಾವ ದಿನದವರೆಗೆ ಚಾಲ್ತಿಯಲ್ಲಿರುತ್ತದೆ ಅನ್ನುವುದು. 'ಡ್ಯೂರೇಶನ್ ಆಫ್ ಸ್ಟೇ' ಅಂದರೆ ಅಲ್ಲಿ ಎಷ್ಟು ದಿನ ಇರಬಹುದು ಅನ್ನುವುದು. ಒಂದನ್ನು ನೋಡಿ ಇನ್ನೊಂದು ಅಂದುಕೊಂಡರೆ ದಿನ ಮೀರಿ ಉಳಿದ ತಪ್ಪಿಗೆ ಸಿಕ್ಕಿಹಾಕಿಕೊಳ್ಳುತ್ತೇವೆ.

ಇದರ ಮೇಲೆ ಹಜ್ ಹತ್ತಿರ ಬಂದಾಗ ಮೂರನೇ ತಾರೀಖು ಬರುತ್ತದೆ. 2025ರಲ್ಲಿ ಉಮ್ರಾ ವೀಸಾದವರು ಸೌದಿ ಒಳಗೆ ಬರಲು ಏಪ್ರಿಲ್ 13 ಕೊನೆಯ ದಿನ, ಹೊರಗೆ ಹೋಗಲು ಏಪ್ರಿಲ್ 29 ಕೊನೆಯ ದಿನ ಅಂತ ಮಾಡಿದ್ದರು. ವೀಸಾ ಕಾಗದದ ಮೇಲೆ ಇನ್ನೂ ದಿನ ಉಳಿದಿದ್ದರೂ ಅಷ್ಟರೊಳಗೆ ಹೊರಡಲೇಬೇಕು. ಈ ತಾರೀಖು ಇಸ್ಲಾಮಿ ತಿಂಗಳ ಲೆಕ್ಕದ್ದು, ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷ ಹೋಗಿ ಬಂದವರ ಮಾತು ಈ ವರ್ಷಕ್ಕೆ ನಡೆಯುವುದಿಲ್ಲ. "ರಂಜಾನಿಗೆ ಉಮ್ರಾಕ್ಕೆ ಹೋಗಿ, ಅಲ್ಲೇ ಇದ್ದು ಹಜ್ ಮುಗಿಸಿ ಬರೋಣ" ಅನ್ನುವುದಂತೂ ಆಗದ ಮಾತು.

ಇನ್ನೊಂದು ವಿಷಯ, ಹುಡುಗರಿಗೆ. ಉಮ್ರಾ ವೀಸಾದಲ್ಲಿ ಹೋಗಿ ಅಲ್ಲೇ ಡ್ರೈವರ್ ಕೆಲಸಕ್ಕೋ ಹೋಟೆಲ್ ಕೆಲಸಕ್ಕೋ ಸೇರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಕಳಿಸಿ. ಉಮ್ರಾ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಇಸಿಆರ್ ಅಂತ ಆಗಿರುತ್ತದೆ. ಅಂಥವರು ಸೌದಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಬೇಕು ಅಂತ ನಿಯಮ ಇರುವುದೇ ಅವರ ರಕ್ಷಣೆಗೆ. ಯಾತ್ರೆಗೆ ಆ ಅನುಮತಿ ಬೇಕಿಲ್ಲ. ಅದಕ್ಕೇ ಕೆಲವರು ಕೆಲಸಕ್ಕೆ ಕಳಿಸುವವರನ್ನು ಯಾತ್ರೆಯ ಹೆಸರಲ್ಲಿ ಕಳಿಸುತ್ತಾರೆ. ಸಂಬಳ ಕೊಡದಿದ್ದರೂ, ಹೊಡೆದರೂ ಆ ಹುಡುಗ ದೂರು ಕೊಡಲು ಹೆದರಬೇಕಾಗುತ್ತದೆ, ಯಾಕೆಂದರೆ ಕಾಗದದ ಪ್ರಕಾರ ಅವನು ಯಾತ್ರಿಕ.

ಹೆಸರಿನ ರಗಳೆ

ಎಷ್ಟೋ ಯಾತ್ರೆಗಳು ವೀಸಾಕ್ಕೆ ಮುಂಚೆ, ಪಾಸ್‌ಪೋರ್ಟಿನಲ್ಲೇ ನಿಲ್ಲುತ್ತವೆ. ನಮ್ಮ ಕಡೆ ಒಬ್ಬರೇ ಮನುಷ್ಯರು ರೇಷನ್ ಕಾರ್ಡಿನಲ್ಲಿ ಮಾಬುಸಾಬ, ಆಧಾರಿನಲ್ಲಿ ಮಹಬೂಬಸಾಬ, ಶಾಲೆ ದಾಖಲೆಯಲ್ಲಿ ಮೆಹಬೂಬ್ ಅಲಿ. ಹೆಣ್ಣುಮಕ್ಕಳದು ಇನ್ನೂ ಕಷ್ಟ. ಒಂದು ಕಡೆ ಬೀ, ಒಂದು ಕಡೆ ಬೇಗಂ, ಒಂದು ಕಡೆ ಗಂಡನ ಹೆಸರು ಸೇರಿಸಿರುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಅಥವಾ ಜೂನ್ 1.

ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ವೀಸಾದಲ್ಲಿ, ಟಿಕೆಟಿನಲ್ಲಿ ಅಕ್ಷರ ಅಕ್ಷರ ಹೊಂದಬೇಕು. ಆದ್ದರಿಂದ ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಪಾಸ್‌ಪೋರ್ಟ್‌ಗೆ ಹೋಗಿ. ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ, 60 ದಾಟಿದವರಿಗೆ ಹೊಸ ಪಾಸ್‌ಪೋರ್ಟಿಗೆ ಶೇಕಡಾ 10 ರಿಯಾಯಿತಿ ಇದೆ. ಹಲವು ಜಿಲ್ಲೆಗಳಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಇದೆ. ಇದಕ್ಕೆ ಐದು ಸಾವಿರ, ಎಂಟು ಸಾವಿರ ಕೊಡುವ ಅಗತ್ಯ ಇಲ್ಲ. ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರುವಂತೆ ನೋಡಿಕೊಳ್ಳಿ.

ಹಿಂದೆ ನಮ್ಮ ಅಜ್ಜಂದಿರು ಮುಂಬೈಯಿಂದ ಹಡಗಿನಲ್ಲಿ ಜಿದ್ದಾಕ್ಕೆ ಹೋಗುತ್ತಿದ್ದರು. ಆ ಹಡಗು 1995ರಲ್ಲಿ ನಿಂತಿತು. ಆಗ ಮೋಸ ಇರಲಿಲ್ಲ ಅಂತಲ್ಲ. ಆದರೆ ಹಡಗು ಇದೆಯೋ ಇಲ್ಲವೋ ಅಂತ ಬಂದರಿನಲ್ಲಿ ಕಣ್ಣಿಗೆ ಕಾಣುತ್ತಿತ್ತು. ಈಗ ಎಲ್ಲವೂ ಫೋನಿನ ಪರದೆಯ ಮೇಲೆ ಬರುತ್ತದೆ, ಓದಲು ಬರದ ಭಾಷೆಯಲ್ಲಿ ಬರುತ್ತದೆ.

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. "ಜೊತೆಗೆ ಗಂಡಸರಿಲ್ಲದಿದ್ದರೆ ವೀಸಾ ಆಗಲ್ಲ, ನಾನು ಯಾರನ್ನೋ ಅಣ್ಣ ಅಂತ ತೋರಿಸ್ತೀನಿ, ಅದಕ್ಕೆ ಬೇರೆ ಖರ್ಚು" ಅನ್ನುವ ಏಜೆಂಟರು ಇದ್ದಾರೆ. 2018ರಿಂದಲೇ 45 ದಾಟಿದ ಹೆಣ್ಣುಮಕ್ಕಳು ಮೆಹ್ರಮ್ ಇಲ್ಲದೆ ಗುಂಪಾಗಿ ಹಜ್‌ಗೆ ಹೋಗಲು ಹಜ್ ಸಮಿತಿಯಲ್ಲಿ ಅವಕಾಶ ಇದೆ. ಸುಳ್ಳು ಸಂಬಂಧ ತೋರಿಸಿ ಹೋಗಬೇಕಾಗಿಲ್ಲ. ವಿಧವೆಯಾದ ಅಮ್ಮ, ಖಾಲಾ ಇರುವ ಮನೆಗಳಿಗೆ ಈ ಮಾತು ತಲುಪಿಸಿ.

ಸರ್ಕಾರವನ್ನೂ ಕೇಳಬೇಕು

ಎಲ್ಲ ತಪ್ಪನ್ನೂ ಊರಿನ ಏಜೆಂಟನ ಮೇಲೆ, ಓದು ಬರದ ಯಾತ್ರಿಕನ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. 2025ರಲ್ಲಿ ಆದದ್ದನ್ನು ನೋಡಿ. ಖಾಸಗಿ ಸಂಸ್ಥೆಗಳ ಪಾಲಿಗೆ ಬಂದ 52 ಸಾವಿರಕ್ಕೂ ಹೆಚ್ಚು ಸೀಟುಗಳಿಗೆ, ಸೌದಿ ಕೊಟ್ಟ ಗಡುವಿನೊಳಗೆ ಹಣ ಕಟ್ಟಿ ಒಪ್ಪಂದ ಮುಗಿಸುವ ಕೆಲಸ ಆಗಲಿಲ್ಲ. ಸಂಸ್ಥೆಗಳನ್ನು 26 ಗುಂಪು ಮಾಡಿದ್ದರು. ಗಡುವು ತಪ್ಪಿಸಿದವರು ಆ ಸಂಸ್ಥೆಗಳೇ ಅಂತ ಸಚಿವಾಲಯ ಹೇಳಿತು. ಕೊನೆಗೆ ಭಾರತ ಸರ್ಕಾರ ಕೇಳಿಕೊಂಡ ಮೇಲೆ ಸೌದಿ 10,000 ಜನರಿಗೆ ಮತ್ತೆ ಬಾಗಿಲು ತೆರೆಯಿತು. ಉಳಿದ ನಲವತ್ತು ಸಾವಿರಕ್ಕೂ ಹೆಚ್ಚು ಸೀಟುಗಳು ಹೋದವು. ಹಣ ಕಟ್ಟಿದ್ದ ಯಾತ್ರಿಕರು ಮನೆಯಲ್ಲೇ ಉಳಿದರು.

ಅವರು ಅಡ್ಡದಾರಿ ಹಿಡಿದವರಲ್ಲ. ನೋಂದಣಿ ಇರುವ ಸಂಸ್ಥೆಯಲ್ಲಿ, ಸರಿಯಾದ ದಾರಿಯಲ್ಲಿ ನಿಂತವರು. ಸರಿಯಾದ ದಾರಿಯೇ ಹೀಗೆ ಕೈಕೊಟ್ಟರೆ ಜನ ಅಡ್ಡದಾರಿಯ ಮಾತಿಗೆ ಕಿವಿ ಕೊಡುತ್ತಾರೆ. ಆದ್ದರಿಂದ ಯಾತ್ರಿಕರಿಗೆ ಬುದ್ಧಿ ಹೇಳುವಷ್ಟೇ ಗಟ್ಟಿಯಾಗಿ ಸರ್ಕಾರವನ್ನೂ ಕೇಳಬೇಕು. ಗಡುವು ತಪ್ಪಿದರೆ ಯಾತ್ರಿಕನ ಹಣ ಎಷ್ಟು ದಿನದಲ್ಲಿ ವಾಪಸ್? ಹಜ್ ಸಂಸ್ಥೆಗಳ ಪಟ್ಟಿ ಪ್ರಕಟಿಸುವ ಹಾಗೆ ಉಮ್ರಾಕ್ಕೆ ಕರೆದೊಯ್ಯುವವರ ಪಟ್ಟಿಯೂ ಬರಲಿ. ಹಜ್ ತರಬೇತಿ ಶಿಬಿರಗಳು ಹೆಸರು ಬಂದವರಿಗೆ ನಡೆಯುತ್ತವೆ, ಒಳ್ಳೆಯದೇ. ದುಡ್ಡು ಕೊಡುವ ಮುಂಚಿನ ಜನರಿಗೂ ತಾಲ್ಲೂಕಿಗೊಂದು ಸಭೆ ನಡೆಯಲಿ, ಕನ್ನಡದಲ್ಲೂ ಉರ್ದುವಿನಲ್ಲೂ.

"ಅಲ್ಲಾಹನ ಕರೆ ಬಂದರೆ ಯಾರು ತಡೀತಾರ?"

ನಾವು ಈ ಬರಹದ ಬಗ್ಗೆ ಮಾತಾಡಿದಾಗ ಒಬ್ಬ ಹಿರಿಯರು ಹೀಗೆ ಕೇಳಿದರು. ಇದಕ್ಕೆ ಉತ್ತರ ಕೊಡುವ ಅಧಿಕಾರ ನಮಗಿಲ್ಲ. ಆದರೆ ಪಕ್ಕದಲ್ಲಿದ್ದ ಮಸೀದಿಯ ಇಮಾಮರೇ ಉತ್ತರ ಕೊಟ್ಟರು. ಹಜ್ ಕಡ್ಡಾಯ ಆಗಿರುವುದು ಶಕ್ತಿ ಇದ್ದವರಿಗೆ, ಶಕ್ತಿ ಅಂದರೆ ದುಡ್ಡು ಮತ್ತು ಆರೋಗ್ಯ ಅಷ್ಟೇ ಅಲ್ಲ, ದಾರಿ ಸುರಕ್ಷಿತವಾಗಿ ತೆರೆದಿರುವುದೂ ಅದರಲ್ಲಿ ಸೇರಿದೆ ಅಂದರು. ಸೌದಿಯ ಹಿರಿಯ ಉಲೇಮಾಗಳ ಮಂಡಳಿ ಕೂಡ 2024ರಲ್ಲಿ, ಪರವಾನಗಿ ಇಲ್ಲದೆ ಹಜ್‌ಗೆ ಹೋಗುವುದು ಸರಿಯಲ್ಲ, ಹಾಗೆ ಹೋಗುವವರಿಗೆ ಪಾಪ ಅಂತ ಹೇಳಿದೆ. ನಿಯ್ಯತ್ತು ಇಟ್ಟುಕೊಂಡು ಕಾಯುವುದರಲ್ಲಿ ಅವಮಾನವೇನೂ ಇಲ್ಲ.

ಐದು ಪ್ರಶ್ನೆ, ದುಡ್ಡು ಕೊಡುವ ಮುಂಚೆ

ಇದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಒಂದು, ಇದು ಯಾವ ವೀಸಾ? ಹಜ್, ಉಮ್ರಾ, ವಿಸಿಟ್, ಯಾವುದು ಅಂತ ರಸೀದಿಯ ಮೇಲೇ ಬರೆದುಕೊಡಿ.

ಎರಡು, ಹಜ್ ಆದರೆ ನಿಮ್ಮ ಸಂಸ್ಥೆಯ ಹೆಸರು ಈ ವರ್ಷದ ಸರ್ಕಾರಿ ಪಟ್ಟಿಯಲ್ಲಿ ಇದೆಯಾ? ಪಟ್ಟಿ ತೋರಿಸಿ.

ಮೂರು, ಎಂದು ಒಳಗೆ ಹೋಗಬೇಕು, ಎಷ್ಟು ದಿನ ಇರಬಹುದು, ಎಂದು ಹೊರಡಲೇಬೇಕು? ವಾಪಸ್ ಟಿಕೆಟ್ ಯಾವ ದಿನಕ್ಕೆ?

ನಾಲ್ಕು, ವೀಸಾ ಆಗದಿದ್ದರೆ ಎಷ್ಟು ದುಡ್ಡು ವಾಪಸ್, ಯಾವಾಗ?

ಐದು, ದುಡ್ಡನ್ನು ಬ್ಯಾಂಕ್ ಖಾತೆಗೆ ಹಾಕಬಹುದಾ? ನಗದೇ ಬೇಕು ಅಂದರೆ ಯಾಕೆ?

ಐದನೆಯದನ್ನು ಹಗುರವಾಗಿ ತಗೊಳ್ಳಬೇಡಿ. ಚಾಚಾ ಇಬ್ಬರಿಗೂ ಸೇರಿ ಐದು ಲಕ್ಷ ಕೊಟ್ಟಿದ್ದರು, ಪೂರಾ ನಗದು. ರಸೀದಿ ಇಲ್ಲ. ಹಲವು ಸಲ ಓಡಾಡಿದ ಮೇಲೆ ವಾಪಸ್ ಬಂದದ್ದು 60 ಸಾವಿರ. ದೂರು ಕೊಡೋಣ ಅಂತ ನಾವು ಕೂತಾಗ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ರಸೀದಿ ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಪೊಲೀಸ್ ಠಾಣೆಯಲ್ಲಿ ವಂಚನೆ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930.

ವೀಸಾದ ಪಿಡಿಎಫ್ ಬಂದ ಮೇಲೆ ಊರಿನ ಗ್ರೂಪಿಗೆ ಹಾಕಬೇಡಿ, ಅದರಲ್ಲಿ ನಿಮ್ಮ ಪಾಸ್‌ಪೋರ್ಟ್ ನಂಬರ್ ಇರುತ್ತದೆ. ಸೌದಿ ವಿದೇಶಾಂಗ ಸಚಿವಾಲಯದ ವೀಸಾ ವೆಬ್‌ಸೈಟಿನಲ್ಲಿ ಅದು ಅಸಲಿಯೋ ಅಂತ ನೋಡಬಹುದು. ಮೆದುಳು ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು, ಅದರ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಜೊತೆಗೇ ಇಡಿ.

ಇದು ಊರಿನ ಕೆಲಸ

ಯಾರಾದರೂ ಯಾತ್ರೆಗೆ ಹೊರಟರೆ ಹಾರ ಹಾಕಲು ಇಡೀ ಊರು ಬರುತ್ತದೆ. ವಾಪಸ್ ಬಂದಾಗ ಜಮ್‌ಜಮ್ ನೀರು, ಖರ್ಜೂರ ಜಾತಿ ನೋಡದೆ ಮನೆಮನೆಗೆ ಹೋಗುತ್ತದೆ. ಹಾಗಿದ್ದ ಮೇಲೆ ವೀಸಾ ಓದುವುದೂ ಊರಿನ ಕೆಲಸ. ಮಸೀದಿ ಕಮಿಟಿಯವರು ಜುಮ್ಮಾ ನಮಾಜಿನ ನಂತರ ಐದು ನಿಮಿಷ ಈ ಪ್ರಶ್ನೆಗಳನ್ನು ಓದಿ ಹೇಳಲಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ, ಹಜ್ ಅರ್ಜಿ ಕರೆದಾಗ ಅಲ್ಲಿಯ ಬೋರ್ಡಿನ ಮೇಲೆ ಕೊನೆಯ ದಿನಾಂಕ ಬರೆಯಲಿ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಅಜ್ಜನ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಲಿ. ಅರ್ಥವಾಗದ ಪದ ಬಂದರೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನಲಿ. ನಮ್ಮ ಹಾಗೆ ಚಹಾ ಕುಡಿದು "ಎಲ್ಲಾ ಬರೋಬ್ಬರಿ ಐತಿ" ಅನ್ನದಿರಲಿ.

ಹಜ್ ಸಮಿತಿಯಲ್ಲಿ ಹಿರಿಯರಿಗೆ ಒಂದು ಮೀಸಲು ಇದೆ. ಚಾಚಾ ಹೋದಾಗ ಅದು 70 ದಾಟಿದವರಿಗಿತ್ತು. 2025ರ ಹಜ್ ನೀತಿಯಲ್ಲಿ 65ಕ್ಕೆ ಇಳಿಸಿದರು, ಜೊತೆಗೊಬ್ಬರು ಇರಬೇಕು. ಒಂದು ವರ್ಷ ಕಾದಿದ್ದರೆ ಸಾಕಿತ್ತು ಅಂತ ಈಗ ಅನಿಸುತ್ತದೆ. ಈಗ ಅವರಿಗೆ ಮೀಸಲು ಇದೆ, ದುಡ್ಡಿಲ್ಲ. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದಾರೆ. ಮೊನ್ನೆ ಹೋದಾಗ ಚಾಚಾ ಟ್ರಂಕಿನಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟರು. "ಇದರ ಮುದ್ದತು ಎಲ್ಲೀತನಕ ಐತಿ, ಸರಿಯಾಗಿ ನೋಡಿ ಹೇಳ್ರಿ" ಅಂದರು.

ಈ ಸಲ ನಾವು ಪ್ರತಿ ಪುಟ ತಿರುಗಿಸಿ ಓದಿದೆವು.